ವಾಪಸಮ್ಮ

ಈಗ ಬೀದರದ ಮನೆಯಲ್ಲಿ ಕೂತಾಗ ಡಾಬಕಾ ಹಳ್ಳಿ ನೆನಪಾದರೆ, ಮೊದಲು ನೆನಪಾಗುವುದು ಒಂದು ಹೆಸರು. ಆಗ ನಾನು ಅಲ್ಲಿ ನರ್ಸ್ ಆಗಿದ್ದೆ. ಮಳೆ ಕೈಕೊಟ್ಟ ವರ್ಷಗಳವು. ಅರ್ಧ ಊರು ಮನೆಗೆ ಬೀಗ ಹಾಕಿ ದುಡಿಯಲು ಹೋಗಿತ್ತು. ಒಂದು ದಿನ ಶಾಂತಾಬಾಯಿ ಕೂಸಿಗೆ ಸೂಜಿ ಹಾಕಿಸಲು ಬಂದಳು. ಕೂಸಿನ ಹೆಸರು ಕೇಳಿದೆ.

“ವಾಪಸಮ್ಮ ರೀ.”

ನಗು ತಡೆಯಲಾಗಲಿಲ್ಲ. “ಇದೆಂಥಾ ಹೆಸರವ್ವಾ? ನಾಳಿ ಸಾಲ್ಯಾಗ ಕಾಡಸ್ತಾರ. ಸುನೀತಾ ಅಂತ ಇಡು.”

ಆಕೆ ಸಿಟ್ಟಾಗಲಿಲ್ಲ. “ನಾವೂ ಪುಣೆಕ್ಕ ಹೊಂಟಿದ್ವಿ ರೀ ಸಿಸ್ಟರ್. ಭಾಲ್ಕಿ ಟೇಶನ್‌ದಾಗ ಬ್ಯಾನಿ ಬಂತು, ಅಲ್ಲೇ ಹಡದೆ. ರೈಲು ಹೋಯ್ತು. ನಮ್ಮ ಮನಿಯವರು ಕೂಸಿನ ಮಾರಿ ನೋಡಿ, ‘ಇಕಿಗಿ ಹೋಗಾದು ಬ್ಯಾಡಾಗ್ಯಾದ, ನಡಿ ವಾಪಸ್’ ಅಂದ್ರು. ಅಂಬಲಿ ಕುಡದು ದಿನಾ ತೆಗದ್ವಿ, ಖರೆ ನಮ್ಮ ಮನ್ಯಾಗೇ ತೆಗದ್ವಿ. ಹೆಸರು ಬದ್ಲಿ ಮಾಡಂಗಿಲ್ರಿ.”

ನಾನು ಸೂಜಿಯ ಕಾರ್ಡಿನ ಮೇಲೆ ವಾಪಸಮ್ಮ ಎಂದೇ ಬರೆದೆ.

ಮಳೆಯಾದ ಮೇಲೆ ಹೋದವರು ಒಬ್ಬೊಬ್ಬರಾಗಿ ಮರಳಿದರು. ಹೊರಗೆ ಹುಟ್ಟಿದ ತಮ್ಮ ಹೆಣ್ಣುಕೂಸುಗಳಿಗೂ ಅದೇ ಹೆಸರಿಟ್ಟರು. ಸೂಜಿಯ ದಿನ “ವಾಪಸಮ್ಮ” ಎಂದು ಕರೆದರೆ ನಾಲ್ಕು ತಾಯಂದಿರು ಎದ್ದು ಬರುತ್ತಿದ್ದರು. ಕೊನೆಗೆ ನಾನೇ ದಾರಿ ಕಂಡುಕೊಂಡೆ: ಪುಣೆ ವಾಪಸಮ್ಮ, ಮುಂಬೈ ವಾಪಸಮ್ಮ, ಹೈದರಾಬಾದ ವಾಪಸಮ್ಮ. ಶಾಂತಾಬಾಯಿಯ ಮಗಳು ಭಾಲ್ಕಿ ವಾಪಸಮ್ಮ. ಎಲ್ಲರಿಗಿಂತ ಕಡಿಮೆ ದೂರ ಹೋಗಿ ಬಂದವಳು.