ಜೋತುಬಿದ್ದ ಎಸಳಿನ ಹೂವು

ಇಂದು ಬೆಳಿಗ್ಗೆ ಹಿತ್ತಲಲ್ಲಿ ಕೋನ್‌ಫ್ಲವರ್ ಎಂಬ ಪರದೇಶದ ಹೂವು ಒಣಗಿದ್ದನ್ನು ಕತ್ತರಿಸುವಾಗ ಅದರ ನಡುವಿನ ಮುಳ್ಳುಮುಳ್ಳಾದ ಉಂಡೆ ಬೆರಳಿಗೆ ಚುಚ್ಚಿತು. ನೆನಪಾದದ್ದು ಶಾಂತಕ್ಕ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ; ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಶಾಂತಕ್ಕ ಶಿಗ್ಗಾಂವದಲ್ಲಿ ನಮ್ಮ ಪಕ್ಕದ ಮನೆಯವರು. ನಸುಕಿನಲ್ಲೇ ಬುಟ್ಟಿ ಹಿಡಿದು ಓಣಿಯ ಎಲ್ಲ ಕಂಪೌಂಡುಗಳ ಹೂ ಬಿಡಿಸುವುದು ಅವರ ನೇಮ. ದೇವರಿಗೆ ಒಯ್ಯುವ ಹೂವನ್ನು ಕಳವು ಎನ್ನುವಂತಿಲ್ಲ. ಕೇಳಿ ಒಯ್ದರೆ ಮನೆಯವರನ್ನು ಜಿಪುಣರೆಂದು ಶಂಕಿಸಿದಂತೆ. ದಾಸವಾಳ ಹೋದಾಗ ನಾನೂ ಸುಮ್ಮನಿದ್ದೆ. ಕೋನ್‌ಫ್ಲವರ್ ವಿಷಯ ಬೇರೆ. ವಿಡಿಯೊ ನೋಡಿ ನೋಡಿ ನಾನು ಹೂದೋಟದ ವಿದ್ವಾಂಸನಾಗಿದ್ದೆ. ವರ್ಷವರ್ಷ ಬಿತ್ತುವ ಚೆಂಡುಹೂವು ನನ್ನ ವಿದ್ವತ್ತಿಗೆ ಕಡಿಮೆ ಎನಿಸಿ, ಒಮ್ಮೆ ನೆಟ್ಟರೆ ಪ್ರತಿವರ್ಷ ಬೇರಿನಿಂದಲೇ ಚಿಗುರುವ ಈ ಗಿಡದ ಬೀಜದ ಪ್ಯಾಕೆಟ್ ತರಿಸಿದೆ. ಚಳಿ ತಾಗಿದರೆ ಚೆನ್ನಾಗಿ ಮೊಳೆಯುತ್ತದೆಂದು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ.

“ಬೀಜಕ್ಕ ನೆಗಡಿ ಬಂದ್ರ ಕಷಾಯ ಯಾರ್ ಕುಡಸೋರು?” ಎಂದಳು ಹೆಂಡತಿ.

ಎರಡನೆಯ ವರ್ಷ ಒಂದೇ ಒಂದು ಹೂ ಬಿಟ್ಟಿತು. ಅದನ್ನು ಗಿಡದಲ್ಲೇ ಒಣಗಿಸಿ ಬೀಜ ಮಾಡಬೇಕು. ಅದಕ್ಕೂ ಮೊದಲು ಕಾಲೇಜಿನ ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದು, ಆಕಸ್ಮಿಕವೆಂಬಂತೆ ಹಿತ್ತಲಿಗೆ ಕರೆದೊಯ್ಯಬೇಕು. ‘ಹೂ ಕೀಳಬೇಡಿ’ ಎಂಬ ಹಲಗೆ ನೆಟ್ಟು, ನಸುಕಿನಲ್ಲಿ ಕಿಟಕಿಯ ಹಿಂದೆ ಕಾವಲು ಕುಳಿತೆ.

ಶಾಂತಕ್ಕ ಬಂದರು. ಹಲಗೆ ಓದಿದರು. ಹೂವನ್ನು ನೋಡಿದರು. ದಾಸವಾಳ ಬಿಡಿಸಿಕೊಂಡು ಹೊರಟರು.

ನನಗೆ ಸಮಾಧಾನವಾಗಬೇಕಿತ್ತು. ಅದರ ಬದಲು ಹೊರಗೆ ಓಡಿದೆ. “ಯಾಕ ಶಾಂತಕ್ಕ, ಇದನ್ನ ಬಿಟ್ರಿ?”

“ಅದಕ್ಕ ಆರಾಮಿಲ್ಲ ಸರ್. ಎಸಳು ಜೋತು ಬಿದ್ದಾವು. ಅಂಥಾ ಹೂ ದೇವರಿಗೆ ನಡ್ಯೂದಿಲ್ಲ.”

“ಅದು ಇರೋದ ಹಂಗ್ರಿ.”

“ಹಂಗಂತ ಪ್ಯಾಕೆಟ್ ಮಾರಿದಾವ ಹೇಳಿದ್ನೇನ್ರಿ?” ಎಂದರು, ಮರುಕದಿಂದ.

ಬೀಜ, ಚಹಾ, ಸಹೋದ್ಯೋಗಿಗಳು ಎಲ್ಲ ಮರೆತುಹೋಯಿತು. ನನ್ನ ಕೈಯಾರೆ ಹೂ ಕತ್ತರಿಸಿ ಅವರ ಬುಟ್ಟಿಗೆ ಹಾಕಿದೆ. ಅವರು ದಾರಿಯಲ್ಲಿ ಎಸೆದಾರೆಂದು ಅವರ ಮನೆಯ ದೇವರ ಜಗಲಿಯವರೆಗೂ ಬೆನ್ನು ಹತ್ತಿದೆ. ಶಾಂತಕ್ಕ ತೊಟ್ಟು ಚಿವುಟಿ, ಹೂವನ್ನು ತಲೆಕೆಳಗಾಗಿಸಿ ದೇವರ ಮುಂದೆ ಇಟ್ಟರು. ಎಸಳುಗಳೆಲ್ಲ ಮೇಲೆ ಮುಖ ಮಾಡಿ ನಿಂತವು.

“ಈಗ ನಡೀತೈತಿ ನೋಡ್ರಿ.”

ಹಾಗೆ ತಿರುಗಿಸಿದ್ದು ನಾನೇ ಎಂದು ಕೆಲವೊಮ್ಮೆ ನೆನಪಾಗುತ್ತದೆ. ನಂಬಬೇಡಿ.

ಆಮೇಲೆ ಶಾಂತಕ್ಕ ಹಂಸಭಾವಿಗೆ, ಮಗಳ ಮನೆಯಲ್ಲಿರಲು ಹೋದರು. ಗಿಡ ಮಾತ್ರ ತಪ್ಪದೆ ಚಿಗುರಿ ಈಗ ಒಂದು ಮಡಿಯನ್ನೇ ತುಂಬಿದೆ. ಸಹೋದ್ಯೋಗಿಗಳು ಬಂದು, ಚಹಾ ಕುಡಿದು, ಫೋನು ನೋಡಿ ಹೋಗುತ್ತಾರೆ. ಹಲಗೆಯನ್ನು ಓದುವವರೂ ಇಲ್ಲ, ಮೀರುವವರೂ ಇಲ್ಲ. ಹೂಗಳು ಸುರಕ್ಷಿತವಾಗಿ ಒಣಗುತ್ತವೆ.

ಇಂದು ಬೆರಳಿನ ರಕ್ತ ಒರೆಸಿಕೊಂಡು ಹಲಗೆ ಕಿತ್ತೆ. ಅರಳಿದ ಹೂಗಳನ್ನು ಕತ್ತರಿಸಿ ಹಂಸಭಾವಿಯ ಕಡೆಯ ಬಸ್ಸು ಹತ್ತಿದೆ.

“ಹೂ ಉಲ್ಟಾ ಹಿಡದೀರಲ್ರಿ,” ಎಂದರು ಪಕ್ಕದಲ್ಲಿ ಕುಳಿತವರು.

“ಇದನ್ನ ಹಿಡ್ಯೋದ ಹಿಂಗ್ರಿ,” ಎಂದೆ, ಪ್ಯಾಕೆಟ್ ಮಾರಿದವನೇ ಹೇಳಿಕೊಟ್ಟಂತೆ.