ಗಟ್ಟಿ ಇರೋದು

ಅಕ್ಕೋರೆ, ನಿಮಗೆ ಕಿವುಡು ರೇಡಿಯೋ ಸೆಟ್ಟು ಕೊಟ್ಟು ಕಳಿಸಿದವಳು ನಾನು. ತಿಳಿಯದೆ ಅಲ್ಲ — ತಿಳಿದೇ.

ನನ್ನ ಗಂಡ, ನಿಮ್ಮ ಸರ್, ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಇದ್ದರು. ಜೀವ ಮಾತ್ರ ಊರೂರಿನವರ ಕೂಡ ಗಾಳಿಯಲ್ಲೇ ಮಾತಾಡುವ ಹ್ಯಾಮ್ ರೇಡಿಯೋದಲ್ಲಿ. ಸೇಡಂನ ನಮ್ಮ ಮನೆಯಲ್ಲಿ ಎರಡು ಸೆಟ್ಟಿದ್ದವು. ಒಂದು ಕಬ್ಬಿಣದ ಮೈಯದು. ಬಿದ್ದರೆ ಕೆಳಗಿನ ಫರ್ಸಿಕಲ್ಲೇ ಒಡೆಯಬೇಕು. ಇನ್ನೊಂದು ಅವರೇ ಮಿಠಾಯಿ ಡಬ್ಬಿಯಲ್ಲಿ ಕೂಡಿಸಿದ್ದು — ಬಾಯಿ ಬಿಗಿಯಲು ರಬ್ಬರ್ ಬ್ಯಾಂಡ್, ತಿರುಗಿಸಲು ಟೂತ್‌ಪೇಸ್ಟಿನ ಮುಚ್ಚಳ. ಗಡಿಗೆ ಕೊಳ್ಳುವಾಗ ಬಡಿದು ನೋಡುವಂತೆ ಎರಡನ್ನೂ ಬೆರಳಿನಿಂದ ಬಡಿದು, ಕಬ್ಬಿಣದ್ದೇ ಚಲೋ ಎಂದಿದ್ದೆ. ಅವರು ನಕ್ಕರು. "ಅದು ಮೈಯಾಗ ಗಟ್ಟಿ, ದನಿಯಾಗ ಅಲ್ಲ; ಕಿವೀನೂ ಮಂದ. ಈ ಡಬ್ಬಿ ನೋಡು — ಮೈ ಹಪ್ಪಳ, ದನಿ ಗಟ್ಟಿ, ಕಿವಿ ಕಳ್ಳಂದು."

ಅವರು ದವಾಖಾನೆ ಸೇರಿದ ವರ್ಷವೇ ಚಿಂಚೋಳಿಯಲ್ಲಿ ಸಿಡಿಲಿಗೆ ನಿಮ್ಮ ಸೆಟ್ಟು ಸುಟ್ಟಿತ್ತು. ದವಾಖಾನೆಯಲ್ಲಿ ಆಪರೇಷನ್ನಿಗೆ ಒಯ್ಯುವ ಮುಂಚೆಯೂ ಅವರಿಗೆ ಅದೇ ಚಿಂತೆ. "ಚಿಂಚೋಳಿ ಅಕ್ಕೋರಿಗಿ ಗಟ್ಟಿ ಇರೋದು ಕೊಡು," ಎಂದರು. ಯಾವುದೆಂದು ನನಗೆ ಗೊತ್ತಿತ್ತು — ಡಬ್ಬಿ. ಅವರು ತಿರುಗಿ ಬರಲಿಲ್ಲ.

ತಿಂಗಳಾದ ಮೇಲೆ ನೀವು ಬಂದಿರಿ. ಸರ್ ಯಾವುದು ಕೊಡಲು ಹೇಳಿದ್ದರೆಂದು ಕೇಳಿದಿರಿ.

"ಗಟ್ಟಿ ಇರೋದು ಅಂದಾರ್ರಿ," ಎಂದು ಕಬ್ಬಿಣದ್ದನ್ನು ಬಡಿದು ತೋರಿಸಿದೆ. ಮಾತು ಸುಳ್ಳಲ್ಲ, ಬೆರಳು ಸುಳ್ಳು. ನೀವು ಅದನ್ನು ಕಣ್ಣಿಗೊತ್ತಿಕೊಂಡು, ಸೊಂಟ ವಾರೆ ಮಾಡಿಕೊಂಡು ಹೊತ್ತೊಯ್ದಿರಿ.

ಯಾಕೆಂದರೆ — ಹೊಟ್ಟೆಕಿಚ್ಚು. ದಿನಾ ಬೆಳಿಗ್ಗೆ ಆ ಡಬ್ಬಿ ಮುಂದೆ ಕೂತು ಅವರು ನಿಮಗೆ ರೇಡಿಯೋದಲ್ಲೇ ತಂತಿ, ಮೋಡ, ಅಲೆ ಎಂದು ಅರ್ಧ ತಾಸು ಕಲಿಸುತ್ತಿದ್ದರು. ನನ್ನ ಕೂಡ ಅವರಾಡಿದ್ದು ಚಹಾ, ರೊಟ್ಟಿ, ಬೀಗ. ನಿಮ್ಮದೇನೂ ತಪ್ಪಿರಲಿಲ್ಲ. ಅದೂ ಗೊತ್ತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಡಬ್ಬಿ ಹಚ್ಚಲು ನನಗೆ ಬರುತ್ತದೆ. ಮಾತಾಡಲು ಪರವಾನಗಿ ಇಲ್ಲ, ಬರೀ ಕೇಳುತ್ತೇನೆ. ಒಂದು ಬೆಳಿಗ್ಗೆ ವಾಡಿಯ, ಶಹಾಬಾದಿನ ರೇಡಿಯೋದವರು ಮಾತಾಡುತ್ತಿದ್ದಾಗ, ಅವರ ದನಿಯ ಅಡಿಯಲ್ಲಿ, ಹಿಟ್ಟಿನಲ್ಲಿ ಕೂದಲು ಸಿಕ್ಕಂತೆ — ನಿಮ್ಮ ದನಿ.

"ಚಿಂಚೋಳಿಯಿಂದ ಮಾತಾಡ್ಲಿಕತ್ತೀನ್ರಿ... ಯಾರರ ಕೇಳ್ಲಿಕತ್ತೀರೇನ್ರಿ?"

ಯಾರಿಗೂ ಕೇಳಿಸಲಿಲ್ಲ. ಅಕ್ಕೋರು ರೇಡಿಯೋ ಬಿಟ್ಟೇ ಬಿಟ್ಟರೇನು ಎಂದು ಅವರಲ್ಲೊಬ್ಬರು ಕೇಳುತ್ತಲೇ ಇದ್ದರು. ನೀವು ಅಡಿಯಲ್ಲಿ ಕರೆಯುತ್ತಲೇ ಇದ್ದಿರಿ. ಎರಡೂ ಕೇಳಿದ್ದು ನಾನೊಬ್ಬಳೇ. ಹನ್ನೊಂದು ದಿನ ಕರೆದಿರಿ. ಫೋನು ಮಗ್ಗುಲಲ್ಲೇ ಇತ್ತು. ಮುಟ್ಟಲಿಲ್ಲ.

ಕಡೆಗೆ ಫೋನ್ ಮಾಡಿದವರು ನೀವೇ. ಸರ್ ಕೊಟ್ಟ ಸೆಟ್ಟಿನಲ್ಲಿ ದೋಷವಿಲ್ಲ, ನಿಮ್ಮ ಕಲಿಕೆಯೇ ಸಾಲದು ಎಂದಿರಿ.

"ಕಲೀಬೇಕ್ರಿ ಅಕ್ಕೋರೆ," ಎಂದೆ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು — ಸಾಲಿ ಕಲಿಸುವವರಿಗೆ.

ಮರುದಿನದಿಂದ ನಿಮ್ಮ ದನಿ ಬರಲಿಲ್ಲ. ಎರಡು ವರ್ಷವಾಯಿತು. ದಿನಾ ಬೆಳಿಗ್ಗೆ ಹಚ್ಚುತ್ತೇನೆ, ಏಳುತ್ತೇನೆ, ಮತ್ತೆ ಕೂಡುತ್ತೇನೆ, ನೀವಿದ್ದ ಜಾಗಕ್ಕೆ ಮುಚ್ಚಳ ತಿರುಗಿಸುತ್ತೇನೆ. ಸುಂಯ್ ಅನ್ನುತ್ತದೆ, ಅಷ್ಟೇ. ಅಷ್ಟು ಚಲೋ ಕಿವಿ — ಕೇಳಲಿಕ್ಕೆ ಏನೂ ಇಲ್ಲ.

ನಾಳೆ ಚಿಂಚೋಳಿ ಬಸ್ಸಿಗೆ ಬರುತ್ತೇನೆ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಮೊದಲು ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಓದಿ ಮುಗಿಸುವ ತನಕ ಹೊರಗೇ ನಿಲ್ಲುತ್ತೇನೆ. ಒಳಗೆ ಕರೆಯದಿದ್ದರೂ ಸರಿ, ಡಬ್ಬಿ ಹೊಸ್ತಿಲ ಮೇಲಿಟ್ಟು ಬರುತ್ತೇನೆ. ಇದು ಯಾವುದು ಎಂದು ಕೇಳಿದರೆ, ಗಟ್ಟಿ ಇರೋದು ಅನ್ನುವುದಿಲ್ಲ.

ಕದ್ದದ್ದು ಅನ್ನುತ್ತೇನೆ.