ರಾಯವ್ವ ಕೇಳಿದ ದೆವ್ವದ ಪುಸ್ತಕ

ಘಟಪ್ರಭಾ ನದಿಯಾಚೆಗಿನ ಹಳ್ಳಿಯ ಗ್ರಂಥಾಲಯಕ್ಕೆ ಊರ ಹೊರಗಿನ ರಾಯವ್ವನ ಕೇರಿಯವರು ಯಾರೂ ಕಾಲಿಟ್ಟಿರಲಿಲ್ಲ. ವಯಸ್ಕರ ಶಾಲೆಯಲ್ಲಿ ಓದು ಕಲಿತಿದ್ದ ರಾಯವ್ವ ೧೯೫೬ರ ಒಂದು ಮಧ್ಯಾಹ್ನ ಅದರ ಮೆಟ್ಟಿಲು ಹತ್ತಿದಳು. ಪೇಪರು ಓದುತ್ತಿದ್ದ ಊರ ಗೌಡರು ತಲೆಯೆತ್ತಿದರು.

“ಯಾವ ಪುಸ್ತಕ ಬೇಕವ್ವಾ?” ಗ್ರಂಥಪಾಲಕ ಮಾಲಿಂಗಪ್ಪ ಕೇಳಿದ.

“ಓದಿದರ ಮೈ ನಡುಗುವಂಥಾದ್ದು, ನೀವ ಆರಿಸಿ ಕೊಡ್ರಿ.”

ಅವನು ಕಪಾಟಿನಿಂದ ದೆವ್ವದ ಕಾದಂಬರಿಯೊಂದನ್ನು ತೆಗೆದ.

“ಮಾಲಿಂಗಾ, ನಾಳೆ ಅದನ್ನ ನಾವೂ ಮುಟ್ಟಬೇಕೇನ?” ಗೌಡರು ಗುಡುಗಿದರು.

ಮಾಲಿಂಗಪ್ಪನ ಕೈ ಅರ್ಧಕ್ಕೇ ನಿಂತಿತು. ರಾಯವ್ವ ಕದಲದೆ ಎರಡೂ ಕೈ ಚಾಚಿದಳು. ಕೊನೆಗೆ ಅವನು ಪುಸ್ತಕವನ್ನು ಮೇಲಿಂದ ಹಾಕದೆ, ಅವಳ ಅಂಗೈಯಲ್ಲೇ ಇಟ್ಟ.

“ಭಾಳ ಹೆದರಿಸ್ತೈತಿ, ಹುಷಾರವ್ವಾ.”

“ಇಲ್ಲೀತನಾ ಬಂದೀನಲ್ರಿ, ಇನ್ನ ದೆವ್ವ ಏನ್ ಮಾಡ್ತೈತಿ?”

ಗೌಡರು ಪೇಪರು ಬಿಸುಟು ಹೊರಟುಹೋದರು. ಎಂಟು ದಿನಕ್ಕೆ ರಾಯವ್ವ ಮರಳಿ ಬಂದಾಗ, ಅವಳ ಹಿಂದೆ ಕೇರಿಯ ಇನ್ನಿಬ್ಬರು ಹೆಂಗಸರಿದ್ದರು.